ಶಿಫಾರಸು ಪತ್ರ

ಕ್ಯಾನ್ಸರ್ ವಾರ್ಡಿನ ನರ್ಸ್ ವಿನುತಾಳಿಗೆ ಎಂ.ಎಸ್ಸಿ. ಓದುವ ಆಸೆ ಹುಟ್ಟಿ ಆರು ವರ್ಷವಾಗಿತ್ತು. ಈ ಸಲ ಒಂದು ಟ್ರಸ್ಟು ಕ್ಯಾನ್ಸರ್ ಶುಶ್ರೂಷೆಯಲ್ಲಿ ಹೆಚ್ಚಿನ ಓದಿಗೆಂದು ಜಿಲ್ಲೆಗೊಬ್ಬ ನರ್ಸಿಗೆ ಸ್ಕಾಲರ್‌ಶಿಪ್ ಕೊಡುವುದಾಗಿ ಪ್ರಕಟಿಸಿತು. ಅವಳು ಅರ್ಜಿ ತುಂಬಿಯೂ ಆಯಿತು. ಬೇಕಿದ್ದದ್ದು ಹೆಡ್ ನರ್ಸಿನ ಶಿಫಾರಸು ಪತ್ರ ಒಂದೇ.

ಹೆಡ್ ನರ್ಸ್ ಸೆಲೆಸ್ತಿನ್ ಸಿಸ್ಟರ್ ಮಾತ್ರ ಕೈಗೇ ಸಿಗುತ್ತಿರಲಿಲ್ಲ. ಪತ್ರದ ಮಾತೆತ್ತಿದರೆ ಸಾಕು, ಯಾವುದೋ ಫೈಲು ನೆನಪಾಗಿ ಎದ್ದು ಹೋಗುತ್ತಿದ್ದರು. ಅರ್ಜಿ ಕಳಿಸುವ ಕೊನೆಯ ದಿನ ಮಧ್ಯಾಹ್ನ ವಿನುತಾ ಧೈರ್ಯ ಮಾಡಿ ಅವರ ಮೇಜಿನ ಮುಂದೆ ನಿಂತೇಬಿಟ್ಟಳು.

"ಸಿಸ್ಟರ್, ನನ್ನ ಕೆಲಸದಲ್ಲಿ ಏನಾದ್ರೂ ಕೊರತೆ ಇದ್ರೆ ನೇರವಾಗಿ ಹೇಳಿಬಿಡಿ."

"ಕೊರತೆಯಾ? ಸೂಜಿ ಚುಚ್ಚಲಿಕ್ಕೆ ನರ ಸಿಗದವರೆಲ್ಲ ನಿನ್ನನ್ನೇ ಕೇಳ್ತಾರೆ. ನಿನ್ನಂಥವಳು ಈ ವಾರ್ಡಿಗೆ ಇನ್ನೊಬ್ಬಳು ಬಂದಿಲ್ಲ."

"ಹಾಗಾದ್ರೆ ಅದನ್ನೇ ಬರೆದುಕೊಡಿ!"

ಸಿಸ್ಟರ್ ಡ್ರಾಯರ್ ಎಳೆದು ಒಂದು ಪತ್ರ ತೆಗೆದುಕೊಟ್ಟರು. ಎರಡು ಪುಟದ ತುಂಬ ಹೊಗಳಿಕೆ. ವಿನುತಾ ಓದಿ ಮುಗಿಸಿ, ಕೆಳಗಿದ್ದ ತಾರೀಕು ನೋಡಿ ತಲೆಯೆತ್ತಿದಳು.

"ಬರೆದು ಮೂರು ದಿನ ಆಯ್ತು. ಕೊಡ್ಲಿಕ್ಕೇ ಮನಸ್ಸು ಬರ್ಲಿಲ್ಲ. ತಪ್ಪು ನನ್ನದೇ."

"ನಾನು ಹೋದ್ರೆ ವಾರ್ಡಿಗೆ ಕಷ್ಟ ಅಂತಲಾ ಸಿಸ್ಟರ್? ಎರಡೇ ವರ್ಷ. ಓದು ಮುಗಿಸಿ ಇಲ್ಲಿಗೇ ಬರ್ತೇನೆ."

"ಅದಕ್ಕಲ್ಲ ಮಾರಾಯ್ತಿ," ಎಂದರು ಐವತ್ತೆರಡರ ಸೆಲೆಸ್ತಿನ್ ಸಿಸ್ಟರ್, ಹೊಸ ಹುಡುಗಿಯ ಹಾಗೆ ನಾಚಿ ತಲೆ ತಗ್ಗಿಸಿ. "ಜಿಲ್ಲೆಗೆ ಒಬ್ಬರಿಗೇ ಅಲ್ವಾ ಕೊಡೋದು? ನಾನೂ ಅರ್ಜಿ ಹಾಕಿದ್ದೇನೆ."