ನೀರಿನ ರೇಟು

ನೆಗಡಿಗೆಂದು ಯಾರಾದರೂ ನೀಲಗಿರಿ ಎಣ್ಣೆಯ ಬಾಟಲಿ ತೆರೆದರೆ ನನಗೆ ಈಗಲೂ ಗಂಟಲು ಒಣಗುತ್ತದೆ.

ರಾಣೆಬೆನ್ನೂರು ಕಡೆಯ ನಮ್ಮೂರಿನ ಗೋಮಾಳದ ತುಂಬ ನೀಲಗಿರಿ ಸಸಿ ಹಚ್ಚಿ ಐದಾರು ವರ್ಷವಾಗಿತ್ತು. ನನ್ನ ಬಾಲ್ಯದ ಒಂದು ಮಧ್ಯಾಹ್ನ ಅಜ್ಜಿಯ ಜೊತೆ ಅದರ ಮಗ್ಗುಲಿನ ಬಾವಿಗೆ ಹೋದೆ. ದಾರಿಯಲ್ಲಿ, ಹಿಂದೆ ಬಂದಿದ್ದ ನಮ್ಮ ಆಡು ಒಂದು ನೀಲಗಿರಿ ಎಲೆ ಮೂಸಿ ಮುಖ ತಿರುಗಿಸಿತು.

"ಬರೇ ಹುಲ್ಲಿದ್ದ ಜಾಗಾಬೇ, ಯಾತಕ್ಕೂ ಬರ್ತಿದ್ದಿಲ್ಲ. ಈಗ ಗಿಡಗಿಡಕ್ಕೂ ರೇಟ್ ಐತಿ," ಎಂದ ತೋಪು ಕಾಯುವ ಬಸಪ್ಪ.

ಅಜ್ಜಿ ತಾಮ್ರದ ಕೊಡ ಇಳಿಬಿಟ್ಟಳು. ಹಗ್ಗ ಮುಗಿದರೂ ನೀರು ಸಿಗಲಿಲ್ಲ. ಒಗೆಯಲು ತಂದಿದ್ದ ಸೀರೆಯನ್ನು ಹಗ್ಗಕ್ಕೆ ಗಂಟು ಹಾಕಿ ಮತ್ತೆ ಇಳಿಸಿದಳು. ಕೊಡ ಒಣ ಕಲ್ಲಿಗೆ ಬಡಿಯಿತು.

"ಬಸಪ್ಪಾ, ಒಂದ್ ಕೊಡ ನೀರಿಗೆ ಏನ್ ರೇಟ್ ಐತಿ?" ಎಂದಳು ಅಜ್ಜಿ.

"ನೀರಿಗೆ ಯಾರರ ರೊಕ್ಕಾ ಕೊಡ್ತಾರೇನಬೇ!" ಎಂದು ಅವನು ಜೋರಾಗಿ ನಕ್ಕ. ಆ ನಗು ಬಾವಿಯ ತಳದಿಂದ ತಿರುಗಿ ಕೇಳಿಸಿತು.