ಟೆಂಟಿಗೊಂದು ಭಾರ

ಅಂಗಡಿಯವನು ಮೂರನೆಯ ಟೆಂಟನ್ನು ಚೀಲದಿಂದ ತೆಗೆದು ನೆಲಕ್ಕೆ ಬಿಟ್ಟದ್ದೇ ತಡ, ಅದು ಪಟ್ಟೆಂದು ತಾನಾಗಿಯೇ ಬಿಚ್ಚಿಕೊಂಡು ನಿಂತಿತು. ಪುಟ್ಟಿ ಚಪ್ಪಾಳೆ ತಟ್ಟಿದಳು. ಅವಳ ಅಪ್ಪನಿಗೂ ಅದೇ ಹಿಡಿಸಿತು. ವಾರವೆಲ್ಲ ಬಸ್ಸು ಓಡಿಸುವವನು, ರಜೆಯ ದಿನವೂ ಕಡ್ಡಿ ಜೋಡಿಸುತ್ತ ಕೂರುವ ತಾಳ್ಮೆ ಅವನಿಗಿರಲಿಲ್ಲ. ಅವನ ಹೆಂಡತಿ ಒಳಗೆ ತಲೆ ಹಾಕಿ, ಬಿಸಿಲು ತಡೆಯುವ ಬೆಳ್ಳಿ ಬಣ್ಣದ ಪದರವನ್ನು ಮುಟ್ಟಿ ನೋಡಿ, ನಾಲ್ಕು ಜನ ಆರಾಮಾಗಿ ಕೂರಬಹುದು ಅಂದಳು. ಅವನ ಅಕ್ಕ ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಅವಳಿಗೆ ಕೆಲಸ, ತಮ್ಮನ ಮನೆಯಲ್ಲೇ ವಾಸ. ಮನೆಗೆ ಏನು ತರುವಾಗಲೂ, ನಿಮಗೆ ಹಿಡಿಸಿದ್ದು ತಗೊಳ್ಳಿ ಅನ್ನುವುದು ಅವಳ ರೂಢಿ.

ಅಂಥವಳು ಅವತ್ತು ಬಾಯಿ ಬಿಟ್ಟು, ಇದು ಸಮುದ್ರದ ಗಾಳಿಗೆ ನಿಲ್ಲುತ್ತದೆಯೇ ಎಂದು ಕೇಳಿದಳು. ಸಡಿಲ ಮರಳಿನಲ್ಲಿ ಗೂಟ ಹಿಡಿಯುವುದಿಲ್ಲ ಎಂದ ಅಂಗಡಿಯವನು. "ಹಾಗಿದ್ರೆ ನಮ್ಮಕ್ಕನೇ ಸಾಕು ಬಿಡಿ, ಗೂಟ ಹೊಡೆದ ಹಾಗೆ ಕೂತಿರ್ತಾಳೆ," ಎಂದು ತಮ್ಮ ನಕ್ಕ. ಅಕ್ಕನೂ ನಕ್ಕಳು. ಅಂಗಡಿಯವನು ಟೆಂಟಿನ ಅಂಚು ಮಗುಚಿ, ನಾಲ್ಕು ಮೂಲೆಗೂ ಹೊಲಿದಿದ್ದ ಜೇಬುಗಳನ್ನು ತೋರಿಸಿದ.

"ಇವಕ್ಕೆ ಮರಳು ತುಂಬಿಬಿಟ್ರೆ ಆಯ್ತಮ್ಮ. ಯಾರೂ ಕಾಯೋದು ಬೇಡ, ಎಲ್ಲರೂ ನೀರಿಗಿಳೀಬಹುದು."

"ಇದೇ ಇರಲಿ," ಅಂದಳು ಅಕ್ಕ, ಬೇರೆಯವರು ಬಾಯಿ ತೆರೆಯುವ ಮೊದಲೇ. ಸಮುದ್ರಕ್ಕೆ ಹೋದಾಗಲೆಲ್ಲ ಚೀಲ, ಚಪ್ಪಲಿ, ಫೋನು ಕಾಯುತ್ತ ಕೂತವಳು ಅವಳು. ಅಂಗಡಿಯವನು ಹೇಳಿದ ಆ 'ಎಲ್ಲರೂ' ಅನ್ನುವುದರಲ್ಲಿ ತಾನೂ ಇದ್ದೇನಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಅನ್ನಿಸುತ್ತಲೇ ಇತ್ತು. ಭಾನುವಾರ, ಉಪ್ಪುನೀರಿಗೆ ಹಾಳಾದರೂ ಚಿಂತೆಯಿಲ್ಲದ ಒಂದು ಹಳೇ ಕಪ್ಪು ಬಟ್ಟೆ ಹಾಕಿಕೊಂಡು ಹೊರಟಳು.

ದಡದಲ್ಲಿ ಗಾಳಿ ಜೋರಾಗಿತ್ತು. ಟೆಂಟಿನ ಬೆನ್ನನ್ನು ಗಾಳಿಗೆ ಕೊಟ್ಟು ತಮ್ಮ ನಿಲ್ಲಿಸಿದ. ಅಕ್ಕ ಪುಟ್ಟಿಯ ಆಟದ ಬಕೆಟ್ಟು ತಗೊಂಡು ಮೊದಲ ಜೇಬಿನ ಮುಂದೆ ಮಂಡಿಯೂರಿದಳು.

"ಬಿಡಕ್ಕ, ಮರಳು ಯಾಕೆ ಸುಮ್ನೆ? ನೀನು ಕೂತಿರ್ತೀಯಲ್ಲ."

ಅದನ್ನವನು ಪ್ರೀತಿಯಿಂದಲೇ ಹೇಳಿದ. ಒಳಗೆ ಚಾಪೆ ಹಾಸಿದ, ಬೆನ್ನಿಗೆ ದಿಂಬು ಇಟ್ಟ, ನೀರಿನ ಬಾಟಲಿ ಕೈಗೆ ಸಿಗುವಂತೆ ಇಟ್ಟ, ಬಿಸಿಲು ಕಾಲಿಗೆ ಬೀಳುತ್ತದೇನೋ ಎಂದು ಬಗ್ಗಿ ನೋಡಿದ. ಇಷ್ಟೆಲ್ಲ ಮಾಡುವವನ ಜೊತೆ ಏನಂತ ವಾದ ಮಾಡುವುದು. ಅಕ್ಕ ಕೂತಳು. ಮಡಿಲಿಗೆ ಒಂದೊಂದಾಗಿ ಫೋನು, ಗಡಿಯಾರ, ಕನ್ನಡಕ, ಪುಟ್ಟಿಯ ಕೂದಲ ಕ್ಲಿಪ್ಪು ಬಂದು ಬಿದ್ದವು. ಮೂವರೂ ಕೈ ಕೈ ಹಿಡಿದು ಓಡಿದರು.

ಗಾಳಿ ಬೀಸಿದಾಗಲೆಲ್ಲ ಟೆಂಟಿನ ಬಟ್ಟೆ ಅವಳ ಬೆನ್ನಿಗೆ ಒದೆಯುತ್ತಿತ್ತು. ಒಮ್ಮೆ ಮೆಲ್ಲಗೆ ಮೈ ಎತ್ತಿ ನೋಡಿದಳು, ಹಿಂದಿನ ಮೂಲೆಯೂ ಅವಳ ಜೊತೆಗೇ ಎದ್ದಿತು. ಕೂತಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿದಳು. ಅದೂ ಎದ್ದಿತು. ಪಕ್ಕದ ಟೆಂಟಿನವರು ನೋಡಿದರೇನೋ ಎಂದು ಅವಳಿಗೆ ನಾಚಿಕೆಯಾಯಿತು.

ಟವೆಲ್ಲಿಗೆಂದು ಬಂದ ತಮ್ಮನ ಹೆಂಡತಿ ಅದನ್ನು ನೋಡಿದ್ದಳು.

"ಅತ್ತಿಗೆ, ನೀವು ಇಳಿಯಲ್ವಾ?"

ಬಾಯಿಗೆ ರೂಢಿಯಾಗಿದ್ದ ಉತ್ತರವೇ ಬಂತು. "ನನಗ್ಯಾಕಮ್ಮ ನೀರು."

"ಮತ್ತೆ ಈ ಬಟ್ಟೆ?"

ಅಕ್ಕ ತೋಳಿನ ತುದಿಯನ್ನು ಎಳೆದುಕೊಂಡಳು. ತಮ್ಮನ ಹೆಂಡತಿ ಕೈ ಒರೆಸಿಕೊಂಡು ಒಳಗೆ ತೂರಿ, ಪಕ್ಕಕ್ಕೆ ಒತ್ತರಿಸಿ ಕೂತು, ಅತ್ತಿಗೆಯ ಮಡಿಲಲ್ಲಿದ್ದುದನ್ನೆಲ್ಲ ಟವೆಲ್ಲು ಹಾಸಿದ ತನ್ನ ಮಡಿಲಿಗೆ ಹಾಕಿಕೊಂಡಳು. "ಹೋಗಿ," ಅಂದಳು.

ಹಿಂದೆ ಸರಿದ ಅಲೆ ಪಾದದಡಿಯ ಮರಳನ್ನು ಎಳೆದುಕೊಂಡು ಹೋದಾಗ ಅಕ್ಕನಿಗೆ ಕಚಗುಳಿಯಾಯಿತು. ಒಬ್ಬಳೇ ನಕ್ಕಳು. ಪುಟ್ಟಿ, ಅತ್ತೆ ಬಂದ್ಲು ಅತ್ತೆ ಬಂದ್ಲು ಎಂದು ಕಾಲಿಗೆ ತೆಕ್ಕೆಬಿದ್ದಳು. ತಮ್ಮನಿಗೆ ಆಶ್ಚರ್ಯ.

"ನಿನಗೆ ನೀರು ಅಂದ್ರೆ ಭಯ ಅಂದ್ಕೊಂಡಿದ್ದೆ ಅಕ್ಕ."

"ಯಾರು ಹೇಳಿದ್ರು?"

ಅವನು ಯೋಚಿಸಿದ. ಯಾರೂ ಹೇಳಿರಲಿಲ್ಲ. ಅವಳ ಕೈ ಹಿಡಿದು, ಅಲೆಗೆ ಹೇಗೆ ಅಡ್ಡ ತಿರುಗಿ ನಿಲ್ಲಬೇಕೆಂದು ತೋರಿಸಿಕೊಟ್ಟ. ಮಂಡಿಯವರೆಗೆ ಹೋದರು, ಆಮೇಲೆ ಇನ್ನೂ ಸ್ವಲ್ಪ ಮುಂದೆ. ದೊಡ್ಡ ಅಲೆಯೊಂದು ಮುಖಕ್ಕೆ ಎರಚಿದಾಗ ಅಕ್ಕ ಕಣ್ಣೊರೆಸಿಕೊಳ್ಳುತ್ತ ದಡದ ಕಡೆ ತಿರುಗಿದಳು. ಟೆಂಟಿನೊಳಗೆ ತಮ್ಮನ ಹೆಂಡತಿ ನೆಟ್ಟಗೆ ಕೂತಿದ್ದಳು, ಮಡಿಲ ತುಂಬ ಸಾಮಾನು. ಗಾಳಿ ಬಂದಾಗಲೆಲ್ಲ ಭುಜ ಹಿಂದಕ್ಕೆ ಒತ್ತಿ ಬಟ್ಟೆಯನ್ನು ತಡೆದು ಹಿಡಿಯುತ್ತಿದ್ದಳು. ಆ ಒತ್ತುವಿಕೆ ಅಕ್ಕನ ಬೆನ್ನಿಗೆ ಗೊತ್ತಿತ್ತು.

ಅಕ್ಕ ತಮ್ಮನ ಕೈ ಬಿಟ್ಟಳು. ಪುಟ್ಟಿಯನ್ನು ತಾನು ನೋಡಿಕೊಳ್ಳುತ್ತೇನೆ, ಹೋಗಿ ಜೇಬುಗಳಿಗೆ ಮರಳು ತುಂಬಿ ಬಾ ಎಂದಳು. ಹೇಗೂ ಅವಳು ಕೂತಿದ್ದಾಳಲ್ಲ ಎನ್ನಹೊರಟವನು ಅಕ್ಕನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ನೀರು ಸುರಿಸುತ್ತ ದಡ ಹತ್ತಿ ಹೋದ. ಬಕೆಟ್ಟು ಪುಟಾಣಿಯದು, ಎಷ್ಟು ಸುರಿದರೂ ಜೇಬು ತುಂಬುತ್ತಿರಲಿಲ್ಲ. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಮಂಡಿಯಲ್ಲೇ ತೆವಳಿದ. ನಾಲ್ಕನೆಯದರ ಬಾಯಿ ಮುಚ್ಚಿ, ಟೆಂಟನ್ನು ಒಮ್ಮೆ ಅಲುಗಿಸಿ ನೋಡಿ, ಬೆವರೊರೆಸಿಕೊಳ್ಳುತ್ತ ಕೂಗಿದ.

"ಇಷ್ಟು ಭಾರ ಸಾಕೇನಕ್ಕ?"

ಬರುವ ಅಲೆಗೆ ಪುಟ್ಟಿಯನ್ನು ಎತ್ತಿ ಹಿಡಿದಿದ್ದ ಅಕ್ಕ, ಅವನ ಹಿಂದೆ ಇನ್ನೂ ಕೂತೇ ಇದ್ದವಳನ್ನು ನೋಡಿದಳು.

"ಅವಳು ಎದ್ದ ಮೇಲಲ್ವೇನೋ ಗೊತ್ತಾಗೋದು."