ವರ್ಷವಿಡೀ ಅರ್ಧ ಬೆಲೆಗೆ ಪೆಟ್ರೋಲ್

ಷೋರೂಮಿನಲ್ಲಿ ಕೊಟ್ರೇಶ ಬಾಯಿಬಿಟ್ಟನೆಂದರೆ ಕಾರು ಮಾರಾಟವಾದಂತೆಯೇ ಲೆಕ್ಕ. ‘ವರ್ಷವಿಡೀ ಅರ್ಧ ಬೆಲೆಗೆ ಪೆಟ್ರೋಲ್’ ಎಂಬ ಬೋರ್ಡು ತೋರಿಸಿ ಆ ಶ್ರಾವಣದಲ್ಲಿ ಅವನು ಮಾರಿದ ಕಾರುಗಳ ಚಕ್ರದಡಿ ಇಡಲು ನಿಂಬೆಹಣ್ಣೇ ಸಾಲದೆ ಹೋಗಿತ್ತು.

ತಿಂಗಳಾಗುವಷ್ಟರಲ್ಲಿ, ಕೆಂಪು ಕಾರು ಕೊಂಡಿದ್ದ ಹಿರಿಯರೊಬ್ಬರು ಏದುಸಿರು ಬಿಡುತ್ತ ಬಂದರು.

“ಏನಪ್ಪಾ, ಬಂಕಿನವನು ಪೂರ್ತಿ ದುಡ್ಡು ಕಿತ್ಕೊಂಡ!”

“ಮಂಗಳವಾರ ಹೋಗಿದ್ರಾ ಸಾರ್? ಬೆಳಿಗ್ಗೆ ಎಂಟರೊಳಗೆ? ಬೈಪಾಸಿನ ಬಂಕಿಗೇನಾ?”

“ಇದನ್ನೆಲ್ಲ ಯಾವಾಗ ಹೇಳಿದ್ದೆ?”

ಕೊಟ್ರೇಶ ಕಾಗದದ ಅಡಿಯಲ್ಲಿ ಇರುವೆ ಸಾಲಿನಂತಿದ್ದ ಅಕ್ಷರಗಳನ್ನು ತೋರಿಸಿ ವಿನಯದಿಂದ ನಕ್ಕ. “ಸೈನ್ ಮಾಡೋವಾಗ ಕನ್ನಡಕ ಹಾಕ್ಕೋಬೇಕಿತ್ತು ಸಾರ್.”

ಹಿರಿಯರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು.

ದೀಪಾವಳಿ ಕಳೆದ ಮೇಲೆ ಕೊಟ್ರೇಶ ಹೆಣ್ಣು ನೋಡಲು ಹೊರಟ. ಫೋಟೋ ನೋಡಿಯೇ ಮನಸ್ಸು ಸೋತಿದ್ದ. ಹುಡುಗಿಯ ಮನೆ ಮುಂದೆ ಅರ್ಧಕ್ಕೆ ಟಾರ್ಪಾಲು ಹೊದ್ದು ಮಲಗಿದ್ದ ಕೆಂಪು ಕಾರು ಕಂಡಾಗಲೇ ಅವನು ಹೆಜ್ಜೆ ನಿಧಾನ ಮಾಡಿದ. ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಹುಡುಗಿಯ ಅಪ್ಪ ಅದೇ ಹಿರಿಯರು! ಆದರೆ ಅವರು ಗುರುತೇ ಇಲ್ಲದವರಂತೆ ಮಂಡಕ್ಕಿ, ಮಿರ್ಚಿ ಕೊಟ್ಟು ಉಪಚರಿಸಿದರು. ಸದ್ಯ ಬದುಕಿದೆ ಅಂದುಕೊಂಡ ಕೊಟ್ರೇಶ.

ಅವನ ಅವ್ವ ಶುರು ಮಾಡಿದಳು. “ನನ್ನ ಮಗ ಅಪರಂಜಿ ರೀ. ಕುಡಿಯಲ್ಲ, ಸೇದಲ್ಲ, ಯಾರಿಗೂ ಒಂದು ಸುಳ್ಳು ಹೇಳಿದವನಲ್ಲ. ನಿಮ್ಮ ಮಗಳನ್ನ ರಾಣಿ ಹಂಗೆ ನೋಡ್ಕೋತಾನೆ.”

ಎಲ್ಲಕ್ಕೂ ತಲೆದೂಗುತ್ತ ಕೇಳಿದ ಹಿರಿಯರು ಅಡುಗೆಮನೆಯ ಕಡೆ ತಿರುಗಿ ಕೂಗಿದರು:

“ಲೇ, ನನ್ನ ಕನ್ನಡಕ ತಗೊಂಬಾ.”